ನಮ್ಮ ಕಡೆ ಮುಖ ಮಾಡಿದ ಮಾನಿಟರು

ಒಂದು ಕಂಪ್ಯೂಟರಿಗೆ ಎರಡು ಮಾನಿಟರು ಹಚ್ಚಬಹುದು ಎಂಬ ಸಂಗತಿ ಮಾಸೂರು ಸೀಮೆಯ ರೈತರಿಗೆ ಗೊತ್ತಾದದ್ದು ಉತಾರದ ಕೌಂಟರಿನಲ್ಲಿ. 2000ದ ಆಚೀಚೆ, ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಕಾಲಿಟ್ಟ ಹೊತ್ತು. ಕೌಂಟರು ಹೇಗಿರಬೇಕೆಂದು ತೀರ್ಮಾನಿಸಿದವರು ಅದರ ಸಾಮಾನಿನ ಪಟ್ಟಿಗೆ ಒಂದು ಹೆಚ್ಚಿನ ಪರದೆ ಸೇರಿಸಿದ್ದರು. ಆಪರೇಟರನ ಎದುರಿಗೆ ಒಂದು. ಇನ್ನೊಂದರ ಮುಖ ಕಿಟಕಿಯ ಹೊರಗೆ ನಿಂತವರ ಕಡೆ. ಒಳಗೆ ಕೂತವನು ಸರ್ವೆ ನಂಬರು ಹೊಡೆದರೆ ಹೊರಗಿನವನಿಗೂ ಅದೇ ಅಕ್ಷರ, ಅದೇ ಕ್ಷಣದಲ್ಲಿ ಕಾಣಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲೂ ಎರಡು ಮಾನಿಟರಿನ ಮೇಜು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಸರ್ಕಾರಿ ಕಚೇರಿಯೊಂದು ಇಂಥ ಖರ್ಚಿಗೆ ಮನಸ್ಸು ಮಾಡಿತ್ತು ಎಂಬುದೇ ನನಗೆ ಇವತ್ತಿಗೂ ಸೋಜಿಗ.

ಮಾಸೂರು ಆಗ ಹಿರೇಕೆರೂರು ತಾಲ್ಲೂಕಿನಲ್ಲಿತ್ತು, ಈಗ ರಟ್ಟೀಹಳ್ಳಿಯದರಲ್ಲಿದೆ. ಕುಮುದ್ವತಿ ಹೊಳೆ, ವಿಜಯನಗರದವರ ಕಾಲದ ಮದಗದ ಕೆರೆ, ಸರ್ವಜ್ಞನ ತಂದೆಯ ಊರೆಂಬ ಪ್ರತೀತಿ — ಊರಿನ ಗುರುತಿಗೆ ಇಷ್ಟು ಸಾಕು. ಇಲ್ಲಿಂದ ತೆಂಕಣಕ್ಕೆ ಸ್ವಲ್ಪ ದೂರ ಹೋದರೆ ಶಿಕಾರಿಪುರ, ಅಲ್ಲಿಗೆ ಹಳೆಯ ಮೈಸೂರು ಸೀಮೆ. ಈಚೆಗಿನದು 1956ರವರೆಗೆ ಮುಂಬೈ ಆಡಳಿತದ ಧಾರವಾಡ ಜಿಲ್ಲೆ. ಹಾಗಾಗಿ ಪಹಣಿಗೆ ಇಲ್ಲಿ ಉತಾರ ಎನ್ನುತ್ತಾರೆ, ಗ್ರಾಮಲೆಕ್ಕಿಗ ಇಂದಿಗೂ ತಲಾಟಿ, ಹೊಲದ ಮೇಲಿನ ಸಾಲ ಬೋಜಾ.

ಮೊದಲು ಆ ಉತಾರ ತಲಾಟಿಯ ದಫ್ತರದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಉತಾರ ಬೇಕೆಂದರೆ ಮೊದಲು ಮನುಷ್ಯನನ್ನು ಹುಡುಕಬೇಕು. ಮನುಷ್ಯ ಸಿಕ್ಕ ದಿನ ದಫ್ತರ ಇನ್ನೊಂದು ಊರಿನ ಚಾವಡಿಯಲ್ಲಿರುತ್ತಿತ್ತು. ಎರಡೂ ಒಟ್ಟಿಗೆ ಸಿಕ್ಕರೆ ಚಹದ ಖರ್ಚು, ಅದರ ಮೇಲೊಂದಿಷ್ಟು. ಸೊಸೈಟಿ ಸಾಲಕ್ಕೆ, ಬೀಜಕ್ಕೆ, ಕೋರ್ಟಿನ ಜಾಮೀನಿಗೆ, ಹೊಲ ಪಾಲಾಗುವ ವಾಟ್ನಿಗೆ, ಮಗಳ ಮದುವೆಗೆ ತುಂಡು ಹೊಲ ಮಾರುವುದಕ್ಕೆ, ಎಲ್ಲಕ್ಕೂ ಅದೇ ಕಾಗದ. ಆದರೆ ಕಾಗದ ಕೈಗೆ ಬರುವ ತನಕ ಅದರಲ್ಲಿ ಏನು ಬರೆದಿದೆ ಎಂದು ಹೊಲದ ಒಡೆಯನಿಗೇ ಗೊತ್ತಿರುತ್ತಿರಲಿಲ್ಲ. ದಫ್ತರವನ್ನು ರೈತನ ಕಡೆ ತಿರುಗಿಸಿ ತೋರಿಸುವ ರೂಢಿ ಇರಲಿಲ್ಲ. ತಿರುಗಿಸಿದರೂ ಆ ಕೈಬರಹ ಬರೆದವರಿಗಷ್ಟೇ ಅರ್ಥವಾಗುವಂಥದ್ದು.

ಹಿರಿಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ‘ಭೂಮಿ’ಗೆ ತಂತ್ರಾಂಶ ಮಾಡಿಕೊಟ್ಟದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. 177 ತಾಲ್ಲೂಕುಗಳಲ್ಲಿ ಕೌಂಟರು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಉತಾರ. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಆಪರೇಟರು ಬೆರಳಚ್ಚು ಕೊಟ್ಟೇ ಕೆಲಸ ಶುರು ಮಾಡಬೇಕು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನು ವಿಚಾರಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66, ಕೌಂಟರಿನಲ್ಲಿ ಕೊಟ್ಟೆವೆಂದವರು 3.

ಈ ಇಳಿಕೆಯ ಯಶಸ್ಸನ್ನೆಲ್ಲ ಎರಡನೆಯ ಪರದೆಗೆ ಕಟ್ಟುವುದು ಅತಿಯಾದೀತು. ಬೆರಳಚ್ಚು, ಸರದಿ, ನಿಗದಿತ ಶುಲ್ಕ ಎಲ್ಲವೂ ಸೇರಿ ಆದ ಕೆಲಸ ಅದು. ಆದರೂ ಪರದೆ ಮಾಡಿದ ಒಂದು ಕೆಲಸವನ್ನು ಉಳಿದ ಯಾವುದೂ ಮಾಡಲಾರದು. ಅಚ್ಚಾಗಿ ಹೊರಬಂದ ಕಾಗದದಲ್ಲಿ ತಪ್ಪು ಕಂಡರೆ ಅದು ದೂರು. ಅಚ್ಚಾಗುವ ಮುಂಚೆ ಪರದೆಯ ಮೇಲೆ ಕಂಡರೆ ಅದು ಬರೀ ಮಾತು. “ಅಲ್ರೀ ಸರ್, ಅದು ನಮ್ಮ ನಂಬರಲ್ಲ, ಬಾಜೂದವ್ರದು” ಎಂದು ಕಿಟಕಿಯಲ್ಲೇ ಹೇಳಬಹುದು, ಆಪರೇಟರು ತಲೆ ಎತ್ತದೆ ಇನ್ನೊಂದು ನಂಬರು ಹೊಡೆಯುತ್ತಾನೆ, ಯಾರಿಗೂ ಮುಖಭಂಗವಿಲ್ಲ. ಒಂಬತ್ತನೇ ಕಾಲಮಿನಲ್ಲಿ ಒಡೆಯನ ಹೆಸರು, ಹನ್ನೊಂದರಲ್ಲಿ ಬೋಜಾ. ತೀರಿಸಿ ವರ್ಷಗಳಾದ ಸಾಲ ಹನ್ನೊಂದರಲ್ಲಿ ಕೂತೇ ಇರುವುದನ್ನು, ತೀರಿಹೋದ ಮಾವನ ಹೆಸರು ಒಂಬತ್ತರಲ್ಲಿ ಇನ್ನೂ ಇರುವುದನ್ನು ಎಷ್ಟೋ ಮಂದಿ ಮೊದಲು ಕಣ್ಣಾರೆ ಕಂಡದ್ದು ಹೀಗೆ ನಿಂತುಕೊಂಡೇ. ವಾರಸಾ ಮಾಡಿಸಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗಾಜಿನ ಮೇಲೆ ಆ ಹೆಸರು ಕಂಡಾಗ ಮಾತ್ರ ಕೆಲಸಕ್ಕೆ ಹೊರಡುತ್ತಾರೆ.

ಇದೆಲ್ಲ ಕನ್ನಡದಲ್ಲಿ ಇದ್ದದ್ದರಿಂದ ನಡೆಯಿತು ಎಂಬುದನ್ನು ಮರೆಯಬಾರದು. ಓದುಬರಹ ಬಾರದವರು ಹಿಂದೆ ನಿಂತ ಹುಡುಗನಿಂದ ಓದಿಸಿಕೊಂಡರು. ಇಂಗ್ಲಿಷಿನಲ್ಲಿದ್ದರೆ ಆ ಹುಡುಗನೂ ಮುಂದಿನ ಬಸ್ಸಿಗೆ ಹೊತ್ತಾಯಿತೆಂದು ಜಾರಿಕೊಳ್ಳುತ್ತಿದ್ದ.

ಹೊಗಳಿಕೆಯ ಜೊತೆಗೆ ‘ಭೂಮಿ’ಗೆ ಟೀಕೆಯೂ ಬಂತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ಹಳ್ಳಿಯಲ್ಲಿದ್ದ ಅಧಿಕಾರ ಜಿಲ್ಲೆ–ರಾಜಧಾನಿಯ ಕಡೆ ಸರಿಯಿತು, ದೊಡ್ಡ ಜಮೀನು ಕೊಳ್ಳುವವರಿಗೆ ಹಾದಿ ಸಲೀಸಾಯಿತು ಎಂದು ವಾದಿಸಿತು. ನನಗೆ ಅದರಲ್ಲಿ ಹುರುಳಿದೆ ಅನಿಸುತ್ತದೆ. ಪರದೆಯಲ್ಲಿ ತಪ್ಪು ಕಾಣುತ್ತದೆ. ತಿದ್ದುವ ಅಧಿಕಾರ ಪರದೆಯ ಹಿಂದೆ ಕೂತವನಿಗೂ ಇಲ್ಲ. ದಾಖಲೆ ಏರಿಸುವಾಗ ಎರಡು ಎಕರೆ ಹತ್ತು ಗುಂಟೆ ಒಂದು ಎಕರೆ ಹತ್ತು ಗುಂಟೆಯಾಗಿದ್ದರೆ ಅದಕ್ಕೆ ತಹಶೀಲ್ದಾರರ ಆದೇಶ ಬೇಕು, ಹಳೆಯ ದಫ್ತರ ತೆಗೆಸಬೇಕು, ಮತ್ತೆ ಅದೇ ತಲಾಟಿಯನ್ನು ಹುಡುಕಬೇಕು. ಆ ಓಡಾಟಕ್ಕೆ ಯಾರೂ ಮಾನಿಟರು ಇಟ್ಟಿಲ್ಲ.

ಹೊರಗಿನ ಜಗತ್ತಿನಲ್ಲಿ ಎರಡನೆಯ ಮಾನಿಟರಿನ ಕಥೆ ಬೇರೆ ದಿಕ್ಕಿನದು. ಅಲ್ಲಿ ಅದು ಒಬ್ಬನೇ ಮನುಷ್ಯನ ಮೇಜನ್ನು ಅಗಲ ಮಾಡಲು ಬಂತು. 1987ರ ಮ್ಯಾಕಿಂಟಾಷ್ 2 ಕಂಪ್ಯೂಟರಿಗೆ ಹೆಚ್ಚಿನ ಕಾರ್ಡು ಹಾಕಿ ಹಲವು ಮಾನಿಟರು ಜೋಡಿಸಬಹುದಿತ್ತು. ಪುಟ ವಿನ್ಯಾಸ ಮಾಡುವವರು ಒಂದರಲ್ಲಿ ಪುಟ, ಇನ್ನೊಂದರಲ್ಲಿ ಸಲಕರಣೆಗಳ ಪಟ್ಟಿ ಇಟ್ಟುಕೊಂಡರು. ಸಾಮಾನ್ಯ ಪಿಸಿಗೆ ಆ ಸೌಕರ್ಯ ಸಲೀಸಾದದ್ದು ವಿಂಡೋಸ್ 98ರಲ್ಲಿ. ಅದು ಒಂಬತ್ತು ಮಾನಿಟರುಗಳವರೆಗೆ ಒಪ್ಪಿಕೊಳ್ಳುತ್ತಿತ್ತು. ಷೇರುಪೇಟೆಯವರ ಮೇಜಿನ ಮೇಲೆ ಪರದೆಗಳ ಸಾಲೇ ಎದ್ದಿತು. 2003ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಹಲವು ಪರದೆಗಳಿದ್ದರೆ ಕೆಲಸ ಚುರುಕಾಗುತ್ತದೆ, ತಪ್ಪು ಕಡಿಮೆಯಾಗುತ್ತದೆ ಎಂದು ಅಧ್ಯಯನ ಮಾಡಿ ಹೇಳಿದರು. ಆ ಅಧ್ಯಯನಕ್ಕೆ ಬೆಂಬಲ ಕೊಟ್ಟವರಲ್ಲಿ ಮಾನಿಟರು ಮಾರುವ ಎನ್‌ಇಸಿ–ಮಿತ್ಸುಬಿಷಿ ಇತ್ತು ಎಂಬುದನ್ನೂ ಓದುಗರು ತಕ್ಕಡಿಗೆ ಹಾಕಿಕೊಳ್ಳಲಿ.

ಇವತ್ತು ವಿಂಡೋಸ್ ಇರುವ ಯಾವ ಲ್ಯಾಪ್‌ಟಾಪಿನಲ್ಲೂ ವಿಂಡೋಸ್ ಕೀಲಿ ಹಿಡಿದು ‘ಪಿ’ ಒತ್ತಿದರೆ ಎರಡೂ ದಾರಿ ಕಾಣುತ್ತವೆ. ಒಂದನ್ನು ಆರಿಸಿದರೆ ಎರಡೂ ಪರದೆಯಲ್ಲಿ ಅದೇ ಚಿತ್ರ. ಇನ್ನೊಂದನ್ನು ಆರಿಸಿದರೆ ಎರಡೂ ಸೇರಿ ಒಂದು ದೊಡ್ಡ ಅಂಗಳ, ಇಲಿ ಆ ಅಂಚಿನಿಂದ ಈ ಅಂಚಿಗೆ ಓಡುತ್ತದೆ. ಮೊದಲನೆಯದು ಉತಾರದ ಕೌಂಟರು, ಎರಡನೆಯದು ಐಟಿ ಕಂಪನಿ.

ಆ ಎರಡನೆಯ ದಾರಿ ಮಾಸೂರಿನಂಥ ಊರುಗಳ ಮನೆಯೊಳಗೆ ಬಂದದ್ದು 2020ರ ಮಾರ್ಚಿನ ಲಾಕ್‌ಡೌನಿನಲ್ಲಿ. ಬೆಂಗಳೂರು, ಪುಣೆಯಿಂದ ಊರು ಸೇರಿದ ಮಕ್ಕಳು ಲ್ಯಾಪ್‌ಟಾಪು ಬಿಚ್ಚಿದರು. ಕಚೇರಿಯಲ್ಲಿ ಎರಡು ದೊಡ್ಡ ಪರದೆಗೆ ಒಗ್ಗಿದ ಕಣ್ಣಿಗೆ ಹದಿನಾಲ್ಕು ಇಂಚು ಇಕ್ಕಟ್ಟು. ಪಡಸಾಲೆಯಲ್ಲಿ ಟಿವಿ ಇತ್ತು, ಎಚ್‌ಡಿಎಂಐ ಕೇಬಲು ಪೇಟೆಯಲ್ಲಿ ಸಿಗುತ್ತಿತ್ತು. ಹೀಗೆ ಎಷ್ಟೋ ಮನೆಗಳಲ್ಲಿ ಹಗಲೆಲ್ಲ ಎಕ್ಸೆಲ್ ಹಾಳೆ ತೋರಿಸಿದ ಟಿವಿ, ಸಂಜೆ ಧಾರಾವಾಹಿಯ ಹೊತ್ತಿಗೆ ಅವ್ವನ ವಶಕ್ಕೆ ಮರಳುತ್ತಿತ್ತು. ಅಮೆರಿಕದ ಮೀಟಿಂಗು ಶುರುವಾಗುವುದೂ ಅದೇ ಹೊತ್ತಿಗೆ ಎಂಬುದು ಮನೆಮನೆಯ ಸಂಕಟ.

ಟಿವಿಯನ್ನು ಮಾನಿಟರು ಮಾಡಿಕೊಂಡವರಿಗೆ ಒಂದು ಮಾತು ಹೇಳಬೇಕು. 32 ಇಂಚಿನ ‘ಎಚ್‌ಡಿ ರೆಡಿ’ ಟಿವಿ ದೊಡ್ಡದಾಗಿ ಕಂಡರೂ ಅದರಲ್ಲಿರುವುದು ಸಾಮಾನ್ಯವಾಗಿ 1366 ಅಡ್ಡ, 768 ಉದ್ದ ಚುಕ್ಕಿಗಳು. 22 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 1920, 1080. ಅಂದರೆ ಚಿಕ್ಕ ಮಾನಿಟರಿನಲ್ಲೇ ಹೆಚ್ಚು ಸಾಲು ಹಿಡಿಸುತ್ತದೆ. ಕನ್ನಡ ಓದುವವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಒತ್ತಕ್ಷರ ಅಕ್ಷರದ ಕೆಳಗೆ ಇಳಿಯುತ್ತದೆ. ಚುಕ್ಕಿ ಸಾಲದಿದ್ದರೆ ಕೊಂಬು ಯಾವುದು, ಒತ್ತು ಯಾವುದು ತಿಳಿಯದೆ ಕಣ್ಣು ಸೋಲುತ್ತದೆ. ಜಾಸ್ತಿ ನೋಡುವ ಪರದೆ ಮೂಗಿನ ನೇರಕ್ಕೆ, ಒಂದು ತೋಳಿನ ದೂರದಲ್ಲಿ ಇರಲಿ. ಅದರ ಮೇಲಂಚು ಕಣ್ಣಿನ ಮಟ್ಟವನ್ನು ಮೀರದಿರಲಿ. ಇನ್ನೊಂದು ಪಕ್ಕದಲ್ಲಿ ತುಸು ಓರೆಯಾಗಿ. ಎರಡನ್ನೂ ಸಮವಾಗಿ ನೋಡುವವರು ಅವುಗಳ ಸೇರುವ ಅಂಚನ್ನೇ ನೇರಕ್ಕೆ ತಂದುಕೊಳ್ಳಬೇಕು. ಇಲ್ಲವಾದರೆ ತಿಂಗಳೊಪ್ಪತ್ತಿನಲ್ಲಿ ಕುತ್ತಿಗೆ ಒಂದೇ ಕಡೆ ಹಿಡಿದುಕೊಳ್ಳುತ್ತದೆ. ಕರೆಂಟಿನ ಚಿಂತೆ ಮೊದಲಿನಷ್ಟಿಲ್ಲ. ಹಳೆಯ ಗಾಜಿನ ಮಾನಿಟರು 80–100 ವ್ಯಾಟು ಎಳೆಯುತ್ತಿತ್ತು, ಎರಡಿಟ್ಟರೆ ಯುಪಿಎಸ್ ಕೂಗಿಕೊಳ್ಳುತ್ತಿತ್ತು. ಈಗಿನ ಎಲ್‌ಇಡಿಗೆ 20–25 ವ್ಯಾಟು ಸಾಕು. ಹೆಸ್ಕಾಂ ಕರೆಂಟು ತೆಗೆದಾಗ ಮೊದಲು ಹೋಗುವುದು ಇಂಟರ್‌ನೆಟ್ಟು, ಮಾನಿಟರಲ್ಲ.

ನನಗೆ ಹೆಚ್ಚು ಆಸಕ್ತಿ ಇರುವುದು ಮೊದಲನೆಯ ದಾರಿಯಲ್ಲಿ, ಎರಡೂ ಪರದೆಯಲ್ಲಿ ಅದೇ ಚಿತ್ರ ತೋರಿಸುವುದರಲ್ಲಿ. ಅದು ಸರ್ಕಾರ ಕಲಿಸದೆಯೂ ಬೆಳೆದ ಜಾಗ ಒಂದಿದೆ: ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯ ಅಂಗಡಿ. ಮಾಸೂರು ಇರುವ ಹಾವೇರಿ ಜಿಲ್ಲೆಯ ಯಾವ ತಾಲ್ಲೂಕು ಊರಿಗೆ ಹೋದರೂ ಬಸ್‌ಸ್ಟ್ಯಾಂಡಿನ ಆಸುಪಾಸು ಇಂಥದೊಂದು ಸಿಗುತ್ತದೆ. ಮೊದಲೆಲ್ಲ ಗಿರಾಕಿಗಳು ಡಿಸೈನ್ ಹುಡುಗನ ಬೆನ್ನಿಗೆ ಆತು ನಿಲ್ಲುತ್ತಿದ್ದರು. ಮದುವೆ ಮನೆಯವರು ಒಬ್ಬರೇ ಬರುವುದಿಲ್ಲವಲ್ಲ! ಅಣ್ಣ, ಕಾಕಾ, ಬೀಗರ ಕಡೆಯವನೊಬ್ಬ, ಸುಮ್ಮನೆ ಜೊತೆಗೆ ಬಂದ ಗೆಳೆಯ. ಐದು ಬೆರಳು ಪರದೆಯ ಮೇಲೆ, ಹುಡುಗನ ಹೆಗಲ ಮೇಲೆ ಎಲೆಯಡಿಕೆಯ ಉಸಿರು. ಬೇಸತ್ತ ಅಂಗಡಿಯವರು ಮೂಲೆಗೆ ಹಾಕಿದ್ದ ಹಳೆ ಮಾನಿಟರಿನ ಧೂಳು ಒರೆಸಿ ಬೆಂಚಿನ ಕಡೆ ತಿರುಗಿಸಿಟ್ಟರು. ಗಿರಾಕಿಗಳು ಬೆಂಚಿನ ಮೇಲೆ ಕೂತರು, ಹುಡುಗನಿಗೆ ಉಸಿರಾಟ ಸಲೀಸಾಯಿತು.

ಅಲ್ಲಿ ನಡೆಯುವ ತಿದ್ದುಪಡಿಗಳನ್ನು ಕೇಳಬೇಕು. “ತಮ್ಮಾ, ಹಿರೇರ ಹೆಸರು ಕೆಳಗ ಹಾಕೀಯಲ್ಲೋ, ಮನ್ಯಾಗ ಉಳಿಗಾಲ ಐತೇನು ನಮಗ?” “ಅಣ್ಣಾರ, ನೀವ ಬರದ್ಕೊಟ್ಟದ್ದು ಹಂಗ ಐತ್ರಿ.” “ಬರಿಯಾಗ ಗೊತ್ತಾಗ್ಲಿಲ್ಲಪಾ, ಈಗ ಕಂಡ್ತು.” ‘ಆಗಮನಾಭಿಲಾಷಿಗಳು’ ಎಂಬುದರ ಕೆಳಗೆ ಒಬ್ಬರ ಹೆಸರಿನ ಹಿಂದೆ ‘ದಿ.’ ಬಿದ್ದಿರುತ್ತದೆ. “ಏ, ಅದನ್ನ ಮೊದ್ಲ ತಗಿ, ಕಾಕಾ ಇನ್ನಾ ಗಟ್ಟಿ ಅದಾರ!” ಈ ಒಂದು ಕೂಗು ಸಾವಿರ ಪ್ರತಿ ಅಚ್ಚಾದ ಮೇಲೆ ಎದ್ದಿದ್ದರೆ ಅಂಗಡಿಯವನ ಗತಿ ಏನು ಎಂದು ಯೋಚಿಸಿದರೆ ಆ ಹಳೆ ಮಾನಿಟರಿನ ಬೆಲೆ ತಿಳಿಯುತ್ತದೆ. ಫ್ಲೆಕ್ಸಿನದು ಇನ್ನೊಂದು ಗೋಳು. ಅಲ್ಲಿ ಅಕ್ಷರಕ್ಕಿಂತ ಮುಖ ಮುಖ್ಯ. ಯಾವ ನಾಯಕರ ಫೋಟೋ ಎಷ್ಟು ದೊಡ್ಡದು, ಯಾರು ಬಲಕ್ಕೆ, ಯಾರು ಮೂಲೆಗೆ ಎಂಬುದನ್ನು ಬೆಂಚಿನವರು ಪರದೆ ನೋಡುತ್ತ ಒಂದು ಪಂಚಾಯಿತಿ ನಡೆಸಿದಂತೆ ತೀರ್ಮಾನಿಸುತ್ತಾರೆ.

ಇಷ್ಟು ಮುತುವರ್ಜಿಯಿಂದ ಲಗ್ನಪತ್ರಿಕೆ ಓದುವ ಜನ ಆಧಾರ್ ನೋಂದಣಿಯಲ್ಲಿ ತಮ್ಮ ಹೆಸರನ್ನು ಓದಲಿಲ್ಲ ಯಾಕೆ? 2010ರಲ್ಲಿ ಶುರುವಾದ ಆಧಾರಿನ ನಿಯಮದಲ್ಲಿಯೂ ನೋಂದಣಿಗೆ ಬಂದವರ ಕಡೆ ಮುಖ ಮಾಡಿದ ಎರಡನೆಯ ಮಾನಿಟರು ಇರಲೇಬೇಕೆಂದಿದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಓದಿ ಸರಿಯೆಂದ ಮೇಲೆ ಮುಂದಿನ ಹೆಜ್ಜೆ. ಆಗ ತಪ್ಪು ಕಂಡರೆ ನೋಂದಣಿಯಾದ 96 ಗಂಟೆಯೊಳಗೆ ತಿದ್ದಿಸಲೂ ಅವಕಾಶವಿತ್ತು. ಕಾಗದದ ಮೇಲೆ ಭೂಮಿಯದಕ್ಕಿಂತ ಬಿಗಿಯಾದ ಏರ್ಪಾಡು. ಆದರೆ ಹೆಸರು ಮೊದಲು ಇಂಗ್ಲಿಷಿನಲ್ಲಿ ಹೊಡೆಯುವುದು, ಕನ್ನಡ ತಾನಾಗಿ ಮೂಡುವುದು. ಇಂಗ್ಲಿಷಿಗೆ ಲ–ಳ ಒಂದೇ, ನ–ಣ ಒಂದೇ, ಹ್ರಸ್ವ–ದೀರ್ಘದ ಗೊಡವೆಯಿಲ್ಲ. ಹೀಗೆ ಹಾಳಪ್ಪ ಹೋಗಿ ಹಲಪ್ಪ, ಕರಿಯವ್ವ ಹೋಗಿ ಕರಿಯವವ. ನೋಂದಣಿ ಶಿಬಿರ ನಡೆದದ್ದು ಶಾಲೆಯ ಕೋಣೆಯಲ್ಲಿ, ಹಿಂದೆ ನೂರು ಜನ, ಕಣ್ಣಿನ ಪಾಪೆ ತೋರಿಸುವ ಗಡಿಬಿಡಿ. ಪರದೆ ಇದ್ದ ಕಡೆಯೂ ಓದುವ ವ್ಯವಧಾನ ಇರಲಿಲ್ಲ.

ಅದರ ಬಡ್ಡಿಯನ್ನು ರೈತರು ಈಗ ಕಟ್ಟುತ್ತಿದ್ದಾರೆ. ಪಿಎಂ–ಕಿಸಾನ್‌ನ ವರ್ಷದ 6,000 ರೂಪಾಯಿ, ಬೆಳೆ ವಿಮೆ, ಬೆಳೆಹಾನಿ ಪರಿಹಾರ, ರೈತರ ನೋಂದಣಿಯ ‘ಫ್ರೂಟ್ಸ್’ ಐಡಿ, 2024ರಲ್ಲಿ ಕಂದಾಯ ಇಲಾಖೆ ಕೈಗೊಂಡ ಪಹಣಿ–ಆಧಾರ್ ಜೋಡಣೆ, ಯಾವುದಕ್ಕೆ ಹೋದರೂ ಉತಾರದ ಹಾಳಪ್ಪನೂ ಆಧಾರಿನ ಹಲಪ್ಪನೂ ಒಬ್ಬನೇ ಎಂದು ಸಾಧಿಸಬೇಕು. ಎರಡು ಕೌಂಟರು, ಎರಡು ಪರದೆ. ಎರಡರಲ್ಲೂ ತಾನೇ ನಿಂತು ಮುಖ ನೋಡಿಕೊಂಡು ಬಂದ ಮನುಷ್ಯ ಈಗ ಅಫಿಡವಿಟ್ ಮಾಡಿಸಲು ನೋಟರಿಯ ಮುಂದೆ ನಿಂತಿರುತ್ತಾನೆ.

ಈಗ ಉತಾರಕ್ಕೆ ಹಿರೇಕೆರೂರಿಗೆ ಹೋಗುವ ಕಾಲ ಮುಗಿದಿದೆ. ಮೊಬೈಲಿನಲ್ಲೇ ಉತಾರ ನೋಡಬಹುದು. ನಾಡಕಚೇರಿಯಿದೆ, 2022ರ ಜನವರಿಯಿಂದ ‘ಗ್ರಾಮ ಒನ್’ ಕೇಂದ್ರಗಳಿವೆ. ದೂರ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಕೌಂಟರು ಊರೊಳಗೆ ಬಂದ ಹಾಗೆ ಎರಡನೆಯ ಪರದೆ ಅದರ ಜೊತೆ ಬರಲಿಲ್ಲ. ಸೇವಾ ಕೇಂದ್ರವೆಂದರೆ ಬಹುತೇಕ ಒಂದು ಕೋಣೆ, ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು. ಅರ್ಜಿ ತುಂಬುವವನು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ. ಎದುರು ಕುರ್ಚಿಯವರಿಗೆ ಕಾಣುವುದು ಲ್ಯಾಪ್‌ಟಾಪಿನ ಬೆನ್ನು, ಅದರ ಮೇಲಿನ ಕಂಪನಿಯ ಗುರುತು. ಎರಡನೆಯ ಮಾನಿಟರು ಇರುವ ಕೆಲವು ಕಚೇರಿಗಳನ್ನೂ ನೋಡಿದ್ದೇನೆ. ಒಂದರಲ್ಲಿ ಅದರ ಕೇಬಲು ಕಳಚಿತ್ತು, ಗಾಜಿನ ಮೇಲೆ ‘ಸರ್ವರ್ ಇಲ್ಲ’ ಎಂದು ಬರೆದ ಕಾಗದ ಅಂಟಿಸಿದ್ದರು. ಪರದೆ ಮಾಹಿತಿ ಕೊಡುತ್ತಿರಲಿಲ್ಲ ಎನ್ನುವಂತಿಲ್ಲ.

ಸೊಸೈಟಿಗಳ ಕಡೆ ನೋಡಿದರೆ ಇನ್ನೊಂದು ಅವಕಾಶ ಕಾಣುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿ. ಸಾಲ ಎಷ್ಟು, ಬಡ್ಡಿ ಎಷ್ಟು, ಮನ್ನಾ ಆದದ್ದು ಎಷ್ಟು, ಗೊಬ್ಬರದ ಬಾಕಿ ಎಷ್ಟು ಎಂಬ ಲೆಕ್ಕ ಇಷ್ಟು ದಿನ ಸೆಕ್ರೆಟರಿಯ ಖಾತೆ ಪುಸ್ತಕದಲ್ಲಿತ್ತು. ಅದು ಕಂಪ್ಯೂಟರಿಗೆ ಏರುವ ಹೊತ್ತಿನಲ್ಲೇ ಸದಸ್ಯನ ಕಡೆಗೊಂದು ಪರದೆ ತಿರುಗಿಸಿಟ್ಟರೆ ಹೊಸ ತಂತ್ರಾಂಶ ಬೇಕಿಲ್ಲ, ಆದೇಶವೂ ಬೇಕಿಲ್ಲ. ಒಂದು ಕೇಬಲು, ಬಳಸಿ ಬಿಟ್ಟ ಒಂದು ಮಾನಿಟರು. ಹನ್ನೊಂದನೇ ಕಾಲಮಿನ ಬೋಜಾ ಹುಟ್ಟುವುದು ಬಹುಮಟ್ಟಿಗೆ ಇಲ್ಲೇ ಅಲ್ಲವೇ?

ಇದನ್ನು ಹೇಳಿದಾಗ ಕೌಂಟರಿನವರು ಎರಡು ತಕರಾರು ತೆಗೆಯುತ್ತಾರೆ. ಒಂದು ಸರತಿಯದು. “ಎಲ್ಲಾರೂ ಓದಾಕ ನಿಂತ್ರ ಪಾಳಿ ಸರಿಯೂದಿಲ್ರಿ ಸರ್.” ಇದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ, ಓದದೆ ಹೋದವರೇ ಮುಂದಿನ ತಿಂಗಳ ಪಾಳಿಯಲ್ಲಿ ಮತ್ತೆ ಇರುತ್ತಾರೆ. ಎರಡನೆಯದು ಗಟ್ಟಿ ತಕರಾರು. ಮುಂದೆ ನಿಂತವನಿಗೆ ಕಂಡದ್ದು ಹಿಂದಿನ ನಾಲ್ವರಿಗೂ ಕಾಣುತ್ತದೆ. ಉತಾರ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು, ಅದರ ಮಾತು ಬೇರೆ. ಸೊಸೈಟಿಯ ಬಾಕಿ, ಆಧಾರ್ ಸಂಖ್ಯೆ, ಮೊಬೈಲ್ ನಂಬರು ಹಾಗಲ್ಲ. ಯಾರ ಮನೆಯಲ್ಲಿ ಎಷ್ಟು ಸಾಲ ಎಂಬುದು ಸಂಜೆಯೊಳಗೆ ಚಹದಂಗಡಿಗೆ ತಲುಪಿದರೆ ಮಗಳ ಸಂಬಂಧವೇ ತಪ್ಪೀತು ಎಂಬ ಅಂಜಿಕೆ ಹಳ್ಳಿಯಲ್ಲಿ ಸುಳ್ಳಲ್ಲ. ಪಕ್ಕದಿಂದ ನೋಡಿದರೆ ಕಪ್ಪಾಗಿ ಕಾಣುವ ತೆಳು ಹಾಳೆಗಳು ಮಾನಿಟರಿಗೆ ಅಂಟಿಸಲು ಸಿಗುತ್ತವೆ, ಬ್ಯಾಂಕಿನವರು ಬಳಸುತ್ತಾರೆ. ಅದಕ್ಕೂ ಮುಂಚೆ ಮಾಡಬಹುದಾದದ್ದು, ಪರದೆಯನ್ನು ಎತ್ತರದ ಗೋಡೆಗೆ ಹಾಕದೆ ಕಿಟಕಿಯ ಕಟ್ಟೆಯ ಮೇಲೆ, ಎದೆಯ ಮಟ್ಟಕ್ಕೆ, ಮೇಲ್ಮುಖವಾಗಿ ಓರೆ ಮಾಡಿ ಇಡುವುದು, ಸರತಿಯ ಗೆರೆಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆಯುವುದು. ಅಕ್ಷರ ಮಾತ್ರ ದೊಡ್ಡದಿರಲಿ. ಎರಡೂ ಪರದೆಯಲ್ಲಿ ಅದೇ ಚಿತ್ರ ಮೂಡುವುದರಿಂದ ಆಪರೇಟರನ ಕಡೆಯೂ ಅಕ್ಷರ ದೊಡ್ಡದಾಗಿ ಅರ್ಜಿ ಒಂದೇ ಪುಟದಲ್ಲಿ ಹಿಡಿಸುವುದಿಲ್ಲ, ಅವನು ಗೊಣಗುತ್ತಾನೆ. ಗೊಣಗಲಿ, ಚಾಳೀಸು ಮರೆತು ಬಂದ ಅಜ್ಜನಿಗೆ ತನ್ನ ಹೆಸರಿನ ಳಕಾರ ಅಷ್ಟು ದೂರದಿಂದ ಕಾಣಬೇಕು.